ಟ್ಯಾಬ್ ಕಲಿತ ಅಮ್ಮನ ಮಾತು

ನಾನು ನಿವೃತ್ತಳಾಗುವ ಹಿಂದಿನ ವರ್ಷ ಹಾನುಬಾಳು ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ಬೆಂಗಳೂರಿನ ಒಂದು ಕಂಪನಿ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡು ನಮ್ಮ ಶಾಲೆಗೆ ಎಐ ಪಾಠ ತಂದಿತು. ಟ್ಯಾಬ್‌ಗಳು ಬಂದವು, ರಿಬ್ಬನ್ ಕತ್ತರಿಸಿದರು, ಫೋಟೊ ತೆಗೆದರು. ಶೌಚಾಲಯದ ಮುರಿದ ಬಾಗಿಲಿನ ಕಡೆ ಮಾತ್ರ ಯಾರೂ ಕ್ಯಾಮೆರಾ ತಿರುಗಿಸಲಿಲ್ಲ. ಆದರೆ ಪಾಠ ಹೇಳಲು ಬಂದ ಎಂಜಿನಿಯರ್ ಅರವಿಂದ್ ಒಳ್ಳೆಯ ಹುಡುಗ.

ಮಾತು ಕೇಳಿ ಬರಹಕ್ಕಿಳಿಸುವ ಪ್ರೋಗ್ರಾಂ ಒಂದನ್ನು ಅವನು ತಂದಿದ್ದ. ಅದಕ್ಕೆ ಪೇಟೆಯ ಕನ್ನಡ ತಿಳಿಯುತ್ತಿತ್ತು, ನಮ್ಮ ಮಕ್ಕಳ ಮನೆಮಾತು ತಿಳಿಯುತ್ತಿರಲಿಲ್ಲ. "ನೀವೇ ಕಲಿಸಿ" ಎಂದ. ಮನೆಯವರ ದನಿ ರೆಕಾರ್ಡ್ ಮಾಡಿ, ಪ್ರತಿ ಮಾತಿಗೂ ಸರಿಯಾದ ಬರಹ ಜೋಡಿಸಿ ಕೊಟ್ಟರೆ ಅದು ನಿಧಾನವಾಗಿ ಗುರುತು ಹಿಡಿಯುತ್ತದೆ. ಇದಕ್ಕೆ ಟ್ರೈನಿಂಗ್ ಎನ್ನುತ್ತಾರೆ. ರೆಕಾರ್ಡ್ ಮಾಡಿದ್ದೆಲ್ಲ ಟ್ಯಾಬ್‌ನಲ್ಲಿ ಉಳಿಯದೆ ಕಂಪನಿಯ ಸರ್ವರ್‌ಗೆ ಹೋಗುತ್ತಿತ್ತು. ಯೋಜನೆ ಮುಗಿದೊಡನೆ ಎಲ್ಲವನ್ನೂ ಅಳಿಸಬೇಕೆಂದು ಹಟ ಹಿಡಿದವಳು ನಾನೇ. ಬಡವರ ಮನೆಯ ಮಾತು ಕಂಡಕಂಡವರ ಕೈಗೆ ಸಿಗಬಾರದು. ಅದು ತಪ್ಪೆಂದು ಇವತ್ತಿಗೂ ನನಗೆ ಅನ್ನಿಸಿಲ್ಲ.

ಎಲ್ಲರಿಗಿಂತ ಹೆಚ್ಚು ರೆಕಾರ್ಡಿಂಗ್ ತಂದವಳು ಒಂಬತ್ತನೇ ತರಗತಿಯ ರಂಜಿತಾ. ಅವಳ ತಾಯಿ ಸರೋಜಮ್ಮ ಎಸ್ಟೇಟಿನಲ್ಲಿ ಕೂಲಿ ಮಾಡುತ್ತಿದ್ದರು, ಅಲ್ಲಿಯ ಲೈನ್‌ಮನೆಯಲ್ಲೇ ವಾಸ. ಸಂಜೆ ಒಲೆ ಮುಂದೆ ಕೂತು ಮಗಳು ಮನೆಗೆ ತಂದ ಟ್ಯಾಬ್ ಜೊತೆ ಹರಟುತ್ತಿದ್ದರಂತೆ. ಒಂದು ರೆಕಾರ್ಡಿಂಗ್ ಕೇಳಿ ಇಡೀ ತರಗತಿ ನಕ್ಕಿತ್ತು: "ರಂಜೀ, ರೊಟ್ಟಿ ಆರೋಗ್ತೈತೆ, ತಿಂದ್ಬುಟ್ಟು ಬಾರೆ. ಈ ಮಾರಾಯಂಗೆ ನಾಳೆ ಹೇಳ್ಕೊಟ್ರಾಯ್ತು." ಮಾರಾಯ ಎಂದದ್ದು ಟ್ಯಾಬ್‌ಗೆ.

ಯೋಜನೆ ಮುಗಿಯಿತು. ಆಮೇಲೆ ಕಾಫಿ ಕೊಯ್ಲಿನ ದಿನಗಳಲ್ಲಿ ಸರೋಜಮ್ಮನಿಗೆ ಜ್ವರ ಹಿಡಿಯಿತು. ಸಕಲೇಶಪುರದಿಂದ ಹಾಸನಕ್ಕೆ ಒಯ್ದರು. ಉಳಿಯಲಿಲ್ಲ.

ಕಾರ್ಯ ಮುಗಿಸಿ ಶಾಲೆಗೆ ಬಂದ ರಂಜಿತಾ ನನ್ನ ಮೇಜಿನ ಹತ್ತಿರ ನಿಂತಳು. "ಮಿಸ್, ಅಮ್ಮ ಮಾತಾಡಿದ್ದು ಐತಲ್ಲ, ಒಂದ್ಸಲ ಕೇಳಿಸ್ರಿ. ನನ್ ಹೆಸರು ಕರ್ದಿದ್ದಷ್ಟೇ ಸಾಕು." ಮನೆಯ ಫೋನಿನಲ್ಲಿ ತಾಯಿಯ ಫೋಟೊ ಇತ್ತು, ದನಿ ಇರಲಿಲ್ಲ.

ಅರವಿಂದ್‌ಗೆ ಫೋನ್ ಮಾಡಿದೆ. ಅವನು ಎಲ್ಲ ಕಡೆ ಹುಡುಕಿಸಿ ಸಂಜೆ ತಿರುಗಿ ಕರೆ ಮಾಡಿದ. "ಮೇಡಂ, ಎಲ್ಲ ಅಳಿಸಿಯಾಗಿದೆ, ಬ್ಯಾಕಪ್ಪೂ ಇಲ್ಲ. ಪ್ರೋಗ್ರಾಂ ಅವರಿಂದ ಕಲಿತದ್ದು ಮಾತ್ರ ನಿಮ್ಮ ಟ್ಯಾಬ್‌ಗಳಲ್ಲಿದೆ. ಅದರಿಂದ ದನಿ ವಾಪಸ್ ತೆಗೆಯೋಕಾಗಲ್ಲ."

ಮರುದಿನ ರಂಜಿತಾಳಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಅವಳು ಅಳಲಿಲ್ಲ. ಟ್ಯಾಬ್ ಕೇಳಿ ತೆಗೆದುಕೊಂಡು, ಬಾಯಿಯ ಹತ್ತಿರ ಹಿಡಿದು, ತಾಯಿಯ ಧಾಟಿಯಲ್ಲೇ ಮೆಲ್ಲಗೆ ಹೇಳಿದಳು: "ರಂಜೀ, ರೊಟ್ಟಿ ಆರೋಗ್ತೈತೆ, ತಿಂದ್ಬುಟ್ಟು ಬಾರೆ."

ಪರದೆಯ ಮೇಲೆ ಒಂದಕ್ಷರ ತಪ್ಪದೆ ಮೂಡಿತು. ಅವಳು ಟ್ಯಾಬನ್ನು ಕಿವಿಗೆ ಒತ್ತಿಕೊಂಡು ಕಾದಳು. ಅದಕ್ಕೆ ಬರೆಯಲು ಬರುತ್ತದೆ, ಮಾತಾಡಲು ಬರುವುದಿಲ್ಲ.

"ಇದ್ಕೆ ಅಮ್ಮನ ಮಾತು ಗೊತ್ತೈತೆ ಮಿಸ್," ಎಂದಳು.

ಅಷ್ಟು ಮಕ್ಕಳ ಎದುರು ನಾನು ಅತ್ತುಬಿಟ್ಟೆ.

ಕಂಪನಿಗಳು ಸರ್ಕಾರಿ ಶಾಲೆಗಳಿಗೆ ಬರಲಿ, ಅಳಿಸುವ ಷರತ್ತೂ ಇರಲಿ. ಆದರೆ ಅಳಿಸುವ ಮೊದಲು ದನಿ ಕೊಟ್ಟವರ ಮನೆಗೆ ಒಂದು ಪ್ರತಿ ತಲುಪಬೇಕು. ನನ್ನ ವೃತ್ತಿ ನನಗೆ ಕಲಿಸಿದ ಕೊನೆಯ ಪಾಠ ಇದು. ಅದನ್ನು ಕಲಿಸಿದ ಹುಡುಗಿಗೆ ಕೊಡಲು ಮಾತ್ರ ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ.