ಮೀಸೆಯ ಮರೆಯ ಮುಖ

ಬೆಳಿಗ್ಗೆ ನಾನು ರೊಟ್ಟಿ ಬಡಿಯುವ ಹೊತ್ತಿಗೇ ನಮ್ಮ ಮನೆಯವರಿಗೆ ಗಡ್ಡದ ನೆನಪಾಗುತ್ತದೆ. ಅಡುಗೆಮನೆಯ ಕಿಟಕಿಗೆ ಅಂಗೈ ಅಗಲದ ಕನ್ನಡಿಯನ್ನು ಆನಿಸಿ, ಕೆನ್ನೆಗೆಲ್ಲ ನೊರೆ ಬಳಿದುಕೊಂಡು, ಮೂಗಿನ ತುದಿಯನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿ ಮೇಲ್ದುಟಿಯನ್ನು ನುಣ್ಣಗೆ ಮಾಡಿಕೊಳ್ಳುವ ಆ ಭಂಗಿಯಲ್ಲಿ ಲೋಕದ ಯಾವ ಗಂಡಸೂ ಚೆಲುವನಾಗಿ ಕಾಣಲಾರ. ಆದರೂ ರೊಟ್ಟಿ ಸೀಯುವವರೆಗೆ ನಾನು ನೋಡುತ್ತ ನಿಲ್ಲುವುದುಂಟು. ಗಂಡಿನ ಮುಖದಲ್ಲಿ ಹೆಣ್ಣಿನ ಕಣ್ಣು ಹುಡುಕುವುದಾದರೂ ಏನನ್ನು ಎಂಬ ಜಿಜ್ಞಾಸೆ ನನಗೆ ಹತ್ತಿಕೊಳ್ಳುವುದೂ ಆಗಲೇ.

ಬೀದರಿನ ನಮ್ಮ ಓಣಿಯಲ್ಲಿ ಇದಕ್ಕೆ ಮನೆಗೊಂದು ಉತ್ತರವಿದೆ. ಪಕ್ಕದ ಮನೆಯ ಖೈರುನ್ನೀಸಾ ಆಪಾಗೆ ಗಡ್ಡವಿಲ್ಲದ ಗಂಡಸೆಂದರೆ ಇನ್ನೂ ಬೆಳೆಯಬೇಕಾದ ಹುಡುಗ. "ದಾಢಿ ಬಂದ್ರೇ ನೋಡ್ರಿ ಮಾರಿಗಿ ಕಳಾ, ರೌನಕ್ ಬರ್ತದ" ಎನ್ನುತ್ತ ಆಕೆ ತನ್ನ ಗಂಡನ ಮೆಹಂದಿ ಹಚ್ಚಿದ ಕೆಂಪು ಗಡ್ಡವನ್ನು ಈ ವಯಸ್ಸಿನಲ್ಲೂ ಕದ್ದು ನೋಡುತ್ತಾಳೆ. ತೆಲಂಗಾಣದ ಗಡಿಯಿಂದ ಬಂದ ನನ್ನ ಅತ್ತಿಗೆಗೆ ಹಣೆಯ ಮೇಲೆ ಗುಂಗುರು ಕೂದಲು ಬೀಳಬೇಕು. ನನ್ನ ಅಣ್ಣನ ನೆತ್ತಿಯ ವಿಚಾರವನ್ನು ಆಕೆಯ ಮುಂದೆ ನಾವ್ಯಾರೂ ಎತ್ತುವುದಿಲ್ಲ. ನನಗೋ, ಬಣ್ಣ ಹೇಗೇ ಇರಲಿ, ಮೂಗು ಎತ್ತಲಾದರೂ ತಿರುಗಿರಲಿ, ನಗು ತುಟಿಯ ಯಾವ ಮೂಲೆಯಿಂದ ಹೊರಡುತ್ತದೆ ಎಂಬುದಷ್ಟೇ ಮುಖ್ಯ.

ನನ್ನ ತವರು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ. ಅಲ್ಲಿ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ತೀರ್ಪು ಒಂದೇ ಆಗಿತ್ತು: ಗಂಡಸಿಗೆ ಮೀಸೆ ಇರಬೇಕು. ತಂದೆ ತೀರಿಕೊಂಡಾಗ ಮಗ ಮೀಸೆ ತೆಗೆಸುವುದು ನಮ್ಮವರ ಪದ್ಧತಿಯಾದ್ದರಿಂದ, ಬೋಳು ತುಟಿ ಕಂಡೊಡನೆ ನಮ್ಮವರಿಗೆ ನೆನಪಾಗುವುದು ಸೂತಕ.

ನನ್ನ ಮದುವೆಯ ಮಾತು ನಡೆದದ್ದು ಮಳೆ ಕೈಕೊಟ್ಟ ವರ್ಷಗಳಲ್ಲಿ. ಬಾವಿ ಬತ್ತಿ, ದುಡಿಯುವವರೆಲ್ಲ ಹೈದರಾಬಾದು, ಪುಣೆ ಎಂದು ಗುಳೆ ಹೋಗಿ, ಊರಿನಲ್ಲಿ ಪ್ರಾಯದ ಗಂಡುಮುಖಗಳೇ ಅಪರೂಪವಾಗಿದ್ದವು. ಹಬ್ಬಕ್ಕೆ ಮರಳಿದರೆ ಅವರ ಕ್ರಾಪು, ಕೆನ್ನೆಗೂದಲು ನೋಡಿಯೇ ಯಾರು ಯಾವ ಊರಿನಲ್ಲಿ ದುಡಿಯುತ್ತಾರೆಂದು ನಾವು ಹುಡುಗಿಯರು ಊಹಿಸುತ್ತಿದ್ದೆವು. ಔರಾದ ಕಡೆಯಿಂದ ಬಂದ ವರನ ಫೋಟೊದಲ್ಲಿ ಒಳ್ಳೆಯ ಹುರಿಮೀಸೆಯಿತ್ತು. ಆಯಿ ಒಪ್ಪಿದ್ದು ಅದನ್ನೇ. ಆದರೆ ಫೋಟೊ ಬಂದ ಮೇಲೆ ಆತ ಪುಣೆಯ ಹೋಟೆಲೊಂದರಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರಿದ್ದ, ಮತ್ತು ಆ ಹೋಟೆಲಿನ ಮಾಲೀಕರಿಗೆ ಬಡಿಸುವವರ ಮುಖದಲ್ಲಿ ಮೀಸೆ ಕೂಡದು ಎಂಬ ಸಂಗತಿ ನಮಗೆ ತಿಳಿದಿರಲಿಲ್ಲ.

ಹೆಣ್ಣು ನೋಡಲು ಬಂದ ದಿನ ಆತ ಮೊದಲು ಒಳಗೆ ಬಂದ. ನುಣ್ಣನೆಯ ಆ ತುಟಿಯನ್ನು ಕಂಡದ್ದೇ ತಡ, ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಯ್ಯ ನನ್ನಪ್ಪಾ, ಎಂಥ ಹೊತ್ತು ಬಂತೋ ನಿನಗ" ಎಂದು ರಾಗ ತೆಗೆದಳು. ಆತ ಕಕ್ಕಾಬಿಕ್ಕಿಯಾಗಿ ನಿಂತ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯಲು ಹಿಂದುಳಿದಿದ್ದ ಆತನ ತಂದೆ, ಸತ್ತವರ ಲಕ್ಷಣ ಒಂದೂ ಇಲ್ಲದೆ, ಬಾಳೆಹಣ್ಣಿನ ಚೀಲ ಹಿಡಿದು ಹೊಸ್ತಿಲು ದಾಟಿದರು. ಆಯಿಯ ರಾಗ ಅರ್ಧಕ್ಕೇ ನಿಂತಿತು. ಅವರು ತಮ್ಮ ದಪ್ಪ ಮೀಸೆಯನ್ನು ನೀವಿಕೊಂಡು, "ಏನ್ ಹೇಳ್ಲಿ ಆಯಿಯವ್ರೇ, ಹೋಟೆಲ್ ಮಾಲಕರು ಮೀಸಿ ಬ್ಯಾಡ ಅಂದ್ರಂತ ಇವ ಹಿಂಗ ಮಾಡಕೊಂಡಾಗಿಂದ ನಾ ಬದುಕೀನಿ ಅಂತ ಊರೂರು ಹೇಳಕೋತ ತಿರಗಲಿಕತ್ತೀನ್ರಿ" ಎಂದರು.

ಆತ ನಕ್ಕದ್ದು ಆಗ. ಎಡ ಮೂಲೆಯಿಂದ ಮೆಲ್ಲಗೆ ಹೊರಟ ನಗು, ಬಿಸಿಲು ಕಾಣದ ಮೇಲ್ದುಟಿಯನ್ನು ದಾಟಿ, ಸ್ವಲ್ಪ ಸೊಟ್ಟಗಿದ್ದ ಹಲ್ಲಿನ ತನಕ ಬಂತು. ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನು ಅಲ್ಲಿಗೇ ಸೋತೆ.

ಆಯಿ ಮಾತ್ರ ಸೋಲಲಿಲ್ಲ. "ಮೀಸಿ ಬಿಟ್ಟು ಬರ್ಲಿ, ಆಮ್ಯಾಲೆ ಅಕ್ಷತಿ ಮಾತು" ಎಂದು ಹೇಳಿ ಅಡುಗೆಮನೆಗೆ ಎದ್ದು ಬಂದಳು. ಮೀಸೆ ಬಿಟ್ಟರೆ ಕೆಲಸ ಹೋಗುತ್ತದೆ. ಆ ಬರದಲ್ಲಿ ಅವರ ಮನೆಯ ಒಲೆ ಉರಿಯುತ್ತಿದ್ದುದು ಆ ಕೆಲಸದಿಂದಲೇ. ಆತ ಮೀಸೆ ಬಿಡುವಂತಿಲ್ಲ, ಆಯಿ ಪಟ್ಟು ಬಿಡುವವಳಲ್ಲ, ಸಂಬಂಧ ಮುರಿಯುವುದೊಂದೇ ಬಾಕಿ. ನಾಚಿಕೆಯನ್ನು ಪಕ್ಕಕ್ಕಿಟ್ಟು ಅವಳ ಬಳಿ ಕುಳಿತೆ.

"ಆಯಿ, ನನಗ ಅವರು ಹಿಂಗೇ ಛಲೋ ಕಾಣ್ತಾರ. ಮೀಸಿ ಬಂದ್ರ ಆ ನಗಿ ಮುಚ್ಚಿ ಹೋಗ್ತದ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

"ನಿಮ್ಮ ಮುತ್ಯಾ, ನನ್ನ ಮನಿಯವ್ರು, ತಮ್ಮಪ್ಪ ಸತ್ತಾಗ ಮೀಸಿ ತೆಗೆಸಿದ್ರು. ಆಗೇ ನಾ ಅವರ ಪೂರಾ ಮಾರಿ ನೋಡಿದ್ದು. ಎಷ್ಟು ಛಂದ ಇತ್ತು ಅಂತಿ. ಮನಿ ತುಂಬ ಮಂದಿ ಅಳ್ಲಿಕತ್ತಾರ, ನಾ ಮಾರಿಗಿ ಸೆರಗ ಹಿಡಕೊಂಡು ಅವರನ್ನೇ ನೋಡಕೋತ ಕುಂತೀನಿ. ಯಾರ ಮುಂದ ಹೇಳ್ಲಿ? ಮೀಸಿ ಬಂತು, ಮುಚ್ಚಿ ಹೋಯ್ತು. ಮತ್ತ ಅವರು ಹೋಗೂತನ ಕಾಣ್ಲಿಲ್ಲ."

ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವಳು ಪಡಸಾಲೆಗೆ ನಡೆದಳು. "ಮೀಸಿ ಬ್ಯಾಡ್ರಿ. ಹುಡುಗ ಹಿಂಗೇ ಇರ್ಲಿ" ಎಂದಳು. ಅಪ್ಪ ಬೆರಗಾಗಿ, "ಯಾಕ ಅವ್ವಾ, ಏನಾಯ್ತು?" ಎಂದು ಕೇಳಿದರು.

ಆಯಿ ಆತನ ತಂದೆಯ ಎದುರಿಗೇ ಹೇಳಿದಳು, "ನನ್ನ ಮೊಮ್ಮಗಳು ದಿನಾ ನೋಡ್ಲಿ ಬಿಡು. ಗಂಡನ ಮಾರಿ ನೋಡ್ಲಿಕ್ಕ ಆಕಿ ಮಾವ ಸಾಯೂತನ ಯಾಕ ಕಾಯಬೇಕು?"