ಒಂಬತ್ತು ಅಜ್ಜಂದಿರ ಕಣ್ಣು

ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಹೊರಗಡೆಯಿಂದ ಕಬ್ಬಿಣದ ಮೆಟ್ಟಿಲು. ಹದಿನೇಳನೆಯ ಮೆಟ್ಟಿಲಿನ ಹತ್ತಿರ ಒಂದು ತೊಲೆ ಅಡ್ಡ ಚಾಚಿಕೊಂಡಿದೆ. ಹನ್ನೆರಡನೇ ತರಗತಿಯ ಮಕ್ಕಳು ತಮ್ಮ ಭವಿಷ್ಯ ವಿಚಾರಿಸಲು ಹತ್ತಿ ಬರುವಾಗ ಅದಕ್ಕೆ ತಲೆ ಕೊಟ್ಟು, ಹಣೆ ಉಜ್ಜಿಕೊಳ್ಳುತ್ತಲೇ ಒಳಗೆ ಕಾಲಿಡುತ್ತಾರೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಭವಿಷ್ಯ ಮಾರ್ಗದರ್ಶನ ಕೇಂದ್ರ’ ಎಂದು ದೊಡ್ಡಕ್ಷರದಲ್ಲೂ, ‘ಕಾಲೇಜು ಅರ್ಜಿ, ಪ್ರಬಂಧ, ಸಂದರ್ಶನ, ಹನ್ನೆರಡೇ ದಿನಗಳಲ್ಲಿ ವ್ಯಕ್ತಿತ್ವ’ ಎಂದು ಸಣ್ಣಕ್ಷರದಲ್ಲೂ ಬರೆದಿದೆ. ತೊಲೆಯ ವಿಷಯ ಮಾತ್ರ ಎಲ್ಲೂ ಬರೆದಿಲ್ಲ. ಕೇಳಿದರೆ, ಮುಂದಿರುವ ಅಡ್ಡಿಯನ್ನು ಗುರುತಿಸುವುದೇ ಇಲ್ಲಿಯ ಮೊದಲ ಪಾಠ ಎಂಬ ಉತ್ತರ ಬರುತ್ತದೆ.

ಉತ್ತರ ಕೊಡುವವರನ್ನು ಎದುರಿಗೆ ಎಲ್ಲರೂ ‘ಸರ್’ ಎನ್ನುತ್ತಾರೆ. ಮೆಟ್ಟಿಲಿಳಿದ ಮೇಲೆ ‘ಕಷ್ಟದ ಮೇಷ್ಟ್ರು’ ಎನ್ನುತ್ತಾರೆ.

ಮೇಷ್ಟ್ರು ಒಂದು ದಿನವೂ ಪಾಠ ಮಾಡಿದವರಲ್ಲ. ಹತ್ತೊಂಬತ್ತು ವರ್ಷ ಒಂದು ಕಾಲೇಜಿನ ಅರ್ಜಿ ಕಿಟಕಿಯ ಹಿಂದೆ ಕೂತಿದ್ದವರು. ಫೋಟೋಗೆ ಅಂಟು ಹಚ್ಚುವ ಬದಲು ಪಿನ್ನು ಹೊಡೆದವರನ್ನು, ಕಪ್ಪು ಶಾಯಿ ಎಂದಲ್ಲಿ ನೀಲಿಯಲ್ಲಿ ಬರೆದವರನ್ನು, ಹೆಸರು ಬರೆಯುವ ಕಡೆ ಸಹಿ ಹಾಕಿದವರನ್ನು ಕತ್ತೆತ್ತಿ ನೋಡದೆಯೇ ವಾಪಸ್ಸು ಕಳಿಸುವ ಕೈಗುಣ ಅವರದು. ಒಂದು ಬೇಸಿಗೆಯಲ್ಲಿ ಅರ್ಜಿಗಳೆಲ್ಲ ಕಂಪ್ಯೂಟರಿಗೆ ಹೋದವು, ಕಿಟಕಿಗೆ ಹಲಗೆ ಹೊಡೆದರು. ಮನೆಗೆ ಬಂದು ಕೂತ ಮೇಷ್ಟ್ರಿಗೆ ಮೂರನೇ ದಿನ, ತಮ್ಮ ತಲೆಯಲ್ಲಿರುವುದು ಸಮಾಜಕ್ಕೆ ಸೇರಬೇಕಾದ ಆಸ್ತಿ ಎಂದು ಹೊಳೆಯಿತು. ಕೇಂದ್ರ ತೆರೆಯುವ ವಿಚಾರವನ್ನು ಹೆಂಡತಿಗೆ ಹೇಳಿದರು. ಆಕೆ ಬಟ್ಟೆ ಮಡಚುತ್ತಿದ್ದರು, ಮಡಚುತ್ತಲೇ ಇದ್ದರು.

“ಇಷ್ಟು ವರ್ಷ ಮಕ್ಕಳನ್ನ ಆಚೆ ಕಳಿಸಿದ್ರಿ. ಇನ್ಮೇಲೆ ಒಳಗೆ ಕಳಿಸ್ತೀನಿ ಅಂತೀರಲ್ಲ, ಕಳಿಸಿ. ಪಾಪ ಸ್ವಲ್ಪ ಕಡಿಮೆಯಾಗುತ್ತೆ.”

ಶುರುವಿನಲ್ಲಿ ಅರ್ಜಿ ತುಂಬಿಸುವ ಕೆಲಸವಷ್ಟೇ ಇತ್ತು. ಆಮೇಲೆ ಕಾಲೇಜುಗಳು ಅರ್ಜಿಯ ಕೊನೆಯಲ್ಲಿ ಹೊಸದೊಂದು ಜಾಗ ಬಿಡತೊಡಗಿದವು: ‘ನೀವು ಬದುಕಿನಲ್ಲಿ ಎದುರಿಸಿದ ಒಂದು ಸವಾಲನ್ನು ಐನೂರು ಪದಗಳಲ್ಲಿ ವಿವರಿಸಿ.’ ಹದಿನೇಳು ವರ್ಷದ ಮಕ್ಕಳಿಗೆ ಬೆಳಗ್ಗೆ ಏಳುವುದನ್ನು ಬಿಟ್ಟರೆ ಬೇರೆ ಸವಾಲು ಎಲ್ಲಿಂದ ಬರಬೇಕು? ಇದ್ದ ಒಂದಿಬ್ಬರೂ ಅದನ್ನು ಹೇಳಿಕೊಳ್ಳಲು ಒಪ್ಪುತ್ತಿರಲಿಲ್ಲ. ಮೇಷ್ಟ್ರು ಒಂದು ಕಬ್ಬಿಣದ ಬೀರು ತಂದರು, ಹನ್ನೊಂದು ಫೈಲು ಹೊಲಿಸಿದರು, ಒಂದೊಂದರಲ್ಲೂ ಒಂದೊಂದು ಕಷ್ಟವನ್ನು ಐನೂರು ಪದಕ್ಕೆ ಸರಿಯಾಗಿ ಬರೆದಿಟ್ಟರು. ಒಂದನೇ ಫೈಲು: ನಾಯಿ ಕಳೆದುಹೋದದ್ದು. ನಾಲ್ಕನೆಯದು: ಅಜ್ಜನ ಕಣ್ಣು ಹೋದದ್ದು, ಮೊಮ್ಮಗು ದಿನಾ ಬೆಳಗ್ಗೆ ಪತ್ರಿಕೆ ಓದಿ ಹೇಳಿದ್ದು. ಒಂಬತ್ತನೆಯದು: ಮನೆಗೆ ಬೆಂಕಿ, ಸಣ್ಣದು. ಹತ್ತನೆಯದು: ಮನೆಗೆ ಬೆಂಕಿ, ದೊಡ್ಡದು.

ಯಾರಿಗೆ ಯಾವ ಕಷ್ಟ ಎನ್ನುವುದಕ್ಕೆ ಅವರದೇ ಒಂದು ಸಿದ್ಧಾಂತವಿತ್ತು. ಅಂಕ ಕಡಿಮೆಯಾದಷ್ಟೂ ಕಷ್ಟ ದೊಡ್ಡದಿರಬೇಕು. ತೊಂಬತ್ತು ದಾಟಿದವರಿಗೆ ನಾಯಿ ಸಾಕು. ಐವತ್ತರ ಆಸುಪಾಸಿನವರಿಗೆ ಇಡೀ ಮನೆ ಸುಡಬೇಕು. ಎಪ್ಪತ್ತರಿಂದ ಎಪ್ಪತ್ತೈದರವರೆಗೆ ಅಜ್ಜನ ಕಣ್ಣು. ಒಂದೇ ಶಾಲೆಯ ಇಬ್ಬರಿಗೆ ಒಂದೇ ಕಷ್ಟ ಹೋಗಬಾರದು, ಮಕ್ಕಳು ಪರಸ್ಪರ ತೋರಿಸಿಕೊಂಡುಬಿಡುತ್ತಾರೆ. ಅದಕ್ಕೆಂದು ಶಾಲೆಯ ಪ್ರಕಾರ ಒಂದು ರಿಜಿಸ್ಟರನ್ನೂ ಇಟ್ಟಿದ್ದರು. ಆರು ವರ್ಷದಲ್ಲಿ ಒಂದೂ ತಪ್ಪಾಗಿರಲಿಲ್ಲ, ಅಥವಾ ಆದದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಪ್ರಬಂಧ ಮುಗಿದ ಮೇಲೆ ಸಂದರ್ಶನದ ತಾಲೀಮು. ಕುರ್ಚಿಗೆ ಒಂದು ಕಾಲು ಗಿಡ್ಡ. ಕೂತವರು ಮಾತಾಡಿದಂತೆಲ್ಲ ಮುಂದಕ್ಕೂ ಹಿಂದಕ್ಕೂ ವಾಲುತ್ತಾರೆ. ಅದು ಸ್ಥೈರ್ಯದ ಪರೀಕ್ಷೆಯಂತೆ. ನಿನ್ನ ದೌರ್ಬಲ್ಯವೇನು ಎಂದರೆ ‘ಅತಿಯಾಗಿ ಶ್ರಮ ಪಡುವುದು’ ಎನ್ನಬೇಕು. ಐದು ವರ್ಷದ ನಂತರ ಎಲ್ಲಿರುತ್ತೀಯ ಎಂದರೆ ‘ನಾಯಕತ್ವದ ಸ್ಥಾನದಲ್ಲಿ’ ಎನ್ನಬೇಕು. ಹಾಗೆ ನೋಡಿದರೆ ಐದು ವರ್ಷದಲ್ಲಿ ಆ ಬೀದಿಯಿಂದಲೇ ಮುನ್ನೂರು ನಾಯಕರು ಹೊರಡಬೇಕಿತ್ತು. ಸದ್ಯಕ್ಕೆ ಕೆಳಗಿನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಲು ಒಬ್ಬ ಆಳೂ ಸಿಕ್ಕುತ್ತಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಹೆಂಡತಿಯ ಅಕ್ಕನ ಮಗಳು ಹನ್ನೆರಡನೇ ತರಗತಿಗೆ ಬಂದಳು.

ಈ ಹುಡುಗಿ ತಾಯಿಯ ಜೊತೆ ಅಜ್ಜನ ಮನೆಯಲ್ಲಿ ಬೆಳೆದವಳು. ಅಜ್ಜ ಎಂದರೆ ಮೇಷ್ಟ್ರಿಗೆ ಹೆಣ್ಣು ಕೊಟ್ಟ ಮಾವ. ಅವರದು ತಕ್ಕಡಿ ರಿಪೇರಿಯ ಅಂಗಡಿ. ಅಂಗಡಿಯವರ ತಕ್ಕಡಿಗಳನ್ನು ಬಿಚ್ಚಿ, ಒರೆಸಿ, ಮುಳ್ಳು ಸೊನ್ನೆಗೆ ನಿಲ್ಲುವಂತೆ ಮಾಡಿ ಕೊಡುವುದು ಅವರ ಕಸುಬು. ಹುಡುಗಿ ಐದನೇ ತರಗತಿಯಿಂದ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಕೈ ಕಪ್ಪು ಮಾಡಿಕೊಂಡವಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಅಳತೆಯ ಉಪಕರಣಗಳ ಕೋರ್ಸು. ಅದಿರುವುದು ಒಂದೇ ಕಾಲೇಜಿನಲ್ಲಿ, ಸೀಟು ಹನ್ನೆರಡು. ಸಿಕ್ಕದಿದ್ದರೆ ಮನೆಯ ಹತ್ತಿರದ ಕಾಲೇಜಿನಲ್ಲಿ ಕಚೇರಿ ನಿರ್ವಹಣೆಗೆ ಸೇರಿಸುವುದೆಂದು ತಾಯಿ ತೀರ್ಮಾನಿಸಿಯಾಗಿತ್ತು. ಆ ಮಾತು ಬಂದಾಗಲೆಲ್ಲ ಹುಡುಗಿ ಊಟದ ತಟ್ಟೆ ಬಿಟ್ಟು ಎದ್ದು ಅಂಗಡಿಗೆ ಹೋಗುತ್ತಿದ್ದಳು.

ಸವಾಲಿನ ಜಾಗದಲ್ಲಿ ಅವಳು ತಾನೇ ಎರಡು ಸಾಲು ಬರೆದಿದ್ದಳು: ‘ನಾನು ತಕ್ಕಡಿ ರಿಪೇರಿ ಮಾಡುತ್ತೇನೆ. ಕೆಲವು ಏಕೆ ಸರಿಹೋಗುವುದಿಲ್ಲ ಎಂದು ನನಗೂ ಅಜ್ಜನಿಗೂ ಗೊತ್ತಾಗಿಲ್ಲ.’

ಮೇಷ್ಟ್ರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು. ಇದೇನು ಅರ್ಜಿಯಾ, ಅಂಗಡಿ ಮುಚ್ಚುವ ನೋಟೀಸಾ ಎಂದು ಕೇಳಿದರು. ಅವಳ ಅಂಕ ಎಪ್ಪತ್ತೊಂದು. ಸಿದ್ಧಾಂತ ಸಿದ್ಧಾಂತವೇ, ಸ್ವಂತದವರೆಂದು ರಿಯಾಯಿತಿ ಇಲ್ಲ. ನಾಲ್ಕನೇ ಫೈಲು ಹೊರಗೆ ಬಂತು.

“ಚಿಕ್ಕಪ್ಪ, ಅಜ್ಜನಿಗೆ ಕಣ್ಣು ಚೆನ್ನಾಗಿದೆ. ಸೂಜಿಗೆ ದಾರ ಪೋಣಿಸ್ತಾರೆ.”

“ಅದು ಅರ್ಜಿ ನೋಡೋರಿಗೆ ಗೊತ್ತಾ? ನಿನಗೆ ಸೀಟು ಬೇಕೋ, ನಿಜ ಬೇಕೋ?”

ತಾಯಿ ಪಕ್ಕದಲ್ಲೇ ಇದ್ದರು. ಚಿಕ್ಕಪ್ಪನ ಅನುಭವದಷ್ಟು ನಿನಗೆ ವಯಸ್ಸಾಗಿಲ್ಲ, ಸುಮ್ಮನೆ ಸಹಿ ಹಾಕು ಎಂದರು. ಹುಡುಗಿ ಹಾಕಿದಳು.

ಸಂದರ್ಶನಕ್ಕೆ ಕರೆ ಬಂತು. ಮೇಷ್ಟ್ರು ಅದನ್ನು ತಮಗೇ ಬಂದ ಬಿರುದಿನಂತೆ ಬೀದಿಯಲ್ಲೆಲ್ಲ ತೋರಿಸಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ದೊಡ್ಡ ತಲೆಗಳಿಗೆ ಇರುವ ತೊಂದರೆಯೇ ಅದು, ಕೆಲಸ ಆಯಿತೆಂದರೆ ನಿಲ್ಲುವುದಿಲ್ಲ. ಪ್ರಬಂಧದಲ್ಲಿ ‘ಅಜ್ಜನ ಕೈ ಹಿಡಿದು ಎಲ್ಲೆಡೆ ಕರೆದೊಯ್ಯುತ್ತೇನೆ’ ಎಂದು ಬರೆದಿದೆಯಲ್ಲ, ಸಾಕ್ಷಾತ್ ಅಜ್ಜನೇ ಹೊರಗಡೆ ಕೂತಿದ್ದರೆ ಸಂದರ್ಶನ ಮಾಡುವವರ ಮನಸ್ಸು ಕರಗದೆ ಇರುತ್ತದೆಯೇ? ಮಾವನ ಅಂಗಡಿಗೆ ಹೋಗಿ ವಿಷಯ ಹೇಳಿ, ಒಂದು ಕಪ್ಪು ಕನ್ನಡಕವನ್ನು ಮೇಜಿನ ಮೇಲಿಟ್ಟರು.

ಮುದುಕರು ಕನ್ನಡಕವನ್ನು ತಿರುಗಿಸಿ ನೋಡಿದರು. ಒಂದು ಕಡ್ಡಿ ಸಡಿಲವಾಗಿತ್ತು, ಸ್ಕ್ರೂ ಬಿಗಿ ಮಾಡಿದರು.

“ಹುಡುಗಿಗೆ ಸೀಟು ಸಿಗುತ್ತೆ ಅನ್ನೋದಾದ್ರೆ ಒಂದು ದಿನ ಏನೂ ಕಾಣದ ಹಾಗೆ ಕೂರ್ತೀನಿ, ಅಳಿಯಂದಿರೇ. ನೀವು ದಿನಾ ಕೂರ್ತೀರಲ್ಲ.”

ಕಾಲೇಜಿನ ಎರಡನೇ ಮಹಡಿಯಲ್ಲಿ ಉದ್ದನೆಯ ಪಡಸಾಲೆ. ಒಂದು ಕಡೆ ಬೆಂಚು, ಎದುರಿಗೆ ಗಾಜಿನ ಪೆಟ್ಟಿಗೆಯೊಳಗೆ ಹಿತ್ತಾಳೆಯ ಹಳೆಯ ಪ್ರಯೋಗಶಾಲೆಯ ತಕ್ಕಡಿ. ಮೇಷ್ಟ್ರು ಮಾವನನ್ನು ತೋಳು ಹಿಡಿದು ತಂದು ಬೆಂಚಿನ ಮೇಲೆ ಕೂರಿಸಿ, ದೃಷ್ಟಿ ಸ್ವಲ್ಪ ಮೇಲಕ್ಕಿರಲಿ ಎಂದು ಗಲ್ಲ ಹಿಡಿದು ಎತ್ತಿದರು. ಬೆಂಚಿನ ತುಂಬ ಅವರದೇ ಶಿಷ್ಯರು, ಎಂಟು ಮಂದಿ. ಒಬ್ಬೊಬ್ಬರೂ ಒಂದೊಂದು ಶಾಲೆ. ಅವರಲ್ಲಿ ಆಗಲೇ ಒಳಗೆ ಹೋಗಿ ಬಂದವರು ಯಾಕೋ ಮೇಷ್ಟ್ರ ಮುಖ ನೋಡುತ್ತಿರಲಿಲ್ಲ. ದಣಿದಿರಬೇಕು ಎಂದುಕೊಂಡರು ಅವರು. ಈ ಕಾಲೇಜಿಗೆ ಅರ್ಜಿ ಹಾಕುವವರೆಲ್ಲ ಎಪ್ಪತ್ತರಿಂದ ಎಪ್ಪತ್ತೈದರೊಳಗಿನವರೇ ಎಂಬ ಸರಳ ಸಂಗತಿ, ರಿಜಿಸ್ಟರು ಶಾಲೆಯ ಪ್ರಕಾರ ಇದ್ದುದರಿಂದ, ಅವರಿಗೆ ಕಂಡಿರಲಿಲ್ಲ.

ಒಳಗೆ ಮೂವರಿದ್ದರು. ನಡುವೆ ಕೂತಿದ್ದ ವಿಭಾಗದ ಮುಖ್ಯಸ್ಥೆ ಹುಡುಗಿಯ ಅರ್ಜಿಯನ್ನು ಇನ್ನೆಂಟು ಅರ್ಜಿಗಳ ಪಕ್ಕಕ್ಕೆ ಸರಿಸಿದರು.

“ನಿಮ್ಮ ಅಜ್ಜನಿಗೂ ಕಣ್ಣು ಕಾಣಲ್ವಾ? ನಿಮ್ಮೂರಿನಿಂದ ಬಂದ ಒಂಬತ್ತನೇ ಅಜ್ಜ ಇವರು. ಒಂಬತ್ತು ಮಂದಿಯೂ ದಿನಾ ಪತ್ರಿಕೆ ಓದಿಸಿಕೊಳ್ತಾರೆ. ಒಬ್ಬರ ಮನೇಲಾದ್ರೂ ರೇಡಿಯೋ ಇಲ್ವಾ ಅಮ್ಮಾ?”

ಇಂಥ ಹೊತ್ತಿಗೆಂದೇ ಮೇಷ್ಟ್ರು ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದರು: ‘ಪ್ರತಿಯೊಂದು ಸವಾಲೂ ನನಗೊಂದು ಅವಕಾಶ.’ ಹಿಂದಿನ ಎಂಟು ಮಂದಿಯೂ ಅದನ್ನೇ ಹೇಳಿ ಹೋಗಿದ್ದರು. ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಕುರ್ಚಿ ವಾಲುತ್ತಿಲ್ಲವಲ್ಲ ಎಂದು ಒಂದು ಕ್ಷಣ ಗಲಿಬಿಲಿಯೂ ಆಯಿತು.

“ಕಾಣುತ್ತೆ ಮೇಡಂ. ಅದನ್ನ ನಾನು ಬರೀಲಿಲ್ಲ, ಚಿಕ್ಕಪ್ಪ ಬರೆದಿದ್ದು. ಸಹಿ ಮಾತ್ರ ನಾನೇ ಹಾಕಿದ್ದು.”

ಮುಖ್ಯಸ್ಥೆ ಅರ್ಜಿಯ ಕೊನೆಯ ಸಾಲು ತೋರಿಸಿದರು. ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ರದ್ದು. ಅವಳ ಸಹಿ ಅದರ ಕೆಳಗೇ ಇತ್ತು. ಹುಡುಗಿ ಎದ್ದಳು, ಆಮೇಲಿನ ಹೆಸರು ಕರೆಯಲು ಮುಖ್ಯಸ್ಥೆಯೇ ಅವಳ ಜೊತೆ ಬಾಗಿಲವರೆಗೆ ಬಂದರು.

ಹೊರಗೆ, ಏನೂ ಕಾಣದಿರಬೇಕಿದ್ದ ಅಜ್ಜ ಕಪ್ಪು ಕನ್ನಡಕವನ್ನು ನೆತ್ತಿಗೇರಿಸಿ ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮೇಷ್ಟ್ರು ಹಿಂದಿನಿಂದ ಅವರ ಅಂಗಿ ಜಗ್ಗುತ್ತ, “ಮಾವ, ಕಣ್ಣು. ಮಾವ, ಕಣ್ಣು” ಎಂದು ಪಿಸುಗುಟ್ಟುತ್ತಿದ್ದರು.

“ಎಡಗಡೆ ಕಾಲು ಇಳಿದಿದೆ,” ಎಂದರು ಅಜ್ಜ, ಎದುರಿಗೆ ನಿಂತ ಹೆಂಗಸು ಯಾರೆಂದು ವಿಚಾರಿಸದೆ. “ಮುಳ್ಳು ನೋಡಿ ಎಲ್ಲಿದೆ. ಯಾರು ಇದನ್ನ ಹೀಗಿಟ್ಟಿದ್ದು?”

ಅದು ಬರೀ ಪ್ರದರ್ಶನಕ್ಕೆ ಇಟ್ಟದ್ದು, ಅದರಲ್ಲಿ ಯಾರೂ ತೂಗುವುದಿಲ್ಲ ಎಂದರು ಮುಖ್ಯಸ್ಥೆ.

“ಪ್ರದರ್ಶನಕ್ಕೆ ಇಟ್ಟದ್ದು ಸುಳ್ಳು ತೋರಿಸಬಹುದಾ?”

ಬೆಂಚಿನ ಮೇಲಿದ್ದ ಎಂಟು ಮಂದಿ ತಮ್ಮ ಬೂಟುಗಳನ್ನು ನೋಡಿಕೊಂಡರು. ಮೇಷ್ಟ್ರು ಮಾತ್ರ, ಮಾವನಿಗೆ ಆಗಾಗ ಕಣ್ಣು ಬಂದು ಹೋಗುತ್ತಿರುತ್ತದೆ ಎಂದು ವಿವರಿಸಲು ಹೊರಟರು. ಅವರ ಕಡೆ ಯಾರೂ ತಿರುಗಲಿಲ್ಲ.

ಹುಡುಗಿ ಅಷ್ಟರಲ್ಲಿ ಅಜ್ಜನ ಪಕ್ಕ ಮಂಡಿಯೂರಿದ್ದಳು. ಸೀಟು ಹೋಗಿತ್ತು, ಅಭ್ಯಾಸ ಹೋಗಿರಲಿಲ್ಲ. ಪೆಟ್ಟಿಗೆಯ ಕೆಳಗಿನ ಸ್ಕ್ರೂವನ್ನು ಎರಡು ಬೆರಳಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿ, ಮಟ್ಟ ತೋರಿಸುವ ರಸಮಟ್ಟದ ಗುಳ್ಳೆ ನಡುವೆ ಬರುವವರೆಗೆ ಕಾದಳು. ಮುಖ್ಯಸ್ಥೆ ಅದನ್ನು ನೋಡುತ್ತಲೇ ಇದ್ದರು. ಮಟ್ಟ ಸರಿಯಾದ ಮೇಲೂ ಮುಳ್ಳು ಸೊನ್ನೆಗೆ ಬರದಿದ್ದರೆ ಮೊದಲು ಏನು ತಿರುಗಿಸುತ್ತೀ ಎಂದು ಕೇಳಿದರು.

“ಏನೂ ತಿರುಗಿಸಲ್ಲ ಮೇಡಂ. ತಟ್ಟೆ ಒರೆಸ್ತೀನಿ. ಅರ್ಧ ಸಲ ಬರೀ ಧೂಳಿರುತ್ತೆ.”

ಆ ಮಧ್ಯಾಹ್ನ ಒಂಬತ್ತು ಮಂದಿಗೂ ಒಂದೊಂದು ಖಾಲಿ ಹಾಳೆ ಸಿಕ್ಕಿತು. ನಾಲ್ಕು ಗಂಟೆಯೊಳಗೆ ನಿಮ್ಮದೇ ಸವಾಲು, ನಿಮ್ಮದೇ ಮಾತಿನಲ್ಲಿ, ಎಷ್ಟು ಪದವಾದರೂ ಸರಿ ಎಂದರು ಮುಖ್ಯಸ್ಥೆ. ಹುಡುಗಿ ಸರಿಹೋಗದ ಮೂರು ತಕ್ಕಡಿಗಳ ಬಗ್ಗೆ ಹನ್ನೊಂದು ಸಾಲು ಬರೆದಳು. ಇನ್ನಿಬ್ಬರು ಪೆನ್ನು ಕಚ್ಚುತ್ತ ಏನೋ ಬರೆದರು. ಉಳಿದ ಆರು ಮಂದಿ ಒಬ್ಬರಾದ ಮೇಲೊಬ್ಬರು ನೀರು ಕುಡಿಯುವ ನೆಪದಲ್ಲಿ ಆಚೆ ಬಂದು ಮೇಷ್ಟ್ರಿಗೆ ಫೋನ್ ಮಾಡಿದರು. ಮೇಷ್ಟ್ರು ಸೈಕಲ್ ನಿಲ್ಲಿಸುವ ಶೆಡ್ಡಿನ ಹಿಂದೆ ನಿಂತು, ಬೀರುವಿನ ಸಹಾಯವೂ ಇಲ್ಲದೆ, ಬರೀ ನೆನಪಿನಿಂದ ಆರು ಮಂದಿಗೂ ಕಷ್ಟ ಹೇಳಿಕೊಟ್ಟರು. ಗಾಬರಿಯಲ್ಲಿ ನೆನಪಿಗೆ ಬಂದದ್ದು ಒಂದನೇ ಫೈಲೊಂದೇ. ಆ ಕಾಲೇಜಿನವರ ಲೆಕ್ಕದಲ್ಲಿ ನಮ್ಮೂರಿನಲ್ಲಿ ಆ ವರ್ಷ ಆರು ನಾಯಿ ಕಳೆದುಹೋಗಿವೆ.

ಹತ್ತು ದಿನಕ್ಕೆ ಪಟ್ಟಿ ಬಂತು. ಹುಡುಗಿಯ ಹೆಸರು ಹನ್ನೊಂದನೆಯದು. ತಾಯಿ ತಂಗಿಯ ಮನೆಗೆ ಓಡಿಬಂದು, ನಿನ್ನ ಗಂಡನಿಂದಲೇ ಆಯಿತು ಎಂದು ಕಣ್ಣೊರೆಸಿಕೊಂಡರು. ಮೇಷ್ಟ್ರು ನಿರಾಕರಿಸಲಿಲ್ಲ. ಮಾವನನ್ನು ಕರೆದೊಯ್ಯುವ ಯೋಜನೆ ತಮ್ಮದೇ ಅಲ್ಲವೇ? ಮರುದಿನವೇ ಹುಡುಗಿಯ ಫೋಟೋ ಮೆಟ್ಟಿಲ ಪಕ್ಕದ ಗೋಡೆ ಏರಿತು, ತೊಲೆಯ ಪಕ್ಕದಲ್ಲೇ. ಅದನ್ನು ನೋಡುತ್ತ ಹತ್ತುವವರ ತಲೆಗೆ ಈಗ ಹಿಂದಿಗಿಂತ ಜೋರಾಗಿ ಬಡಿಯುತ್ತದೆ.

ಕಾಲೇಜಿಗೆ ಹೊರಡುವ ಹಿಂದಿನ ದಿನ ಹುಡುಗಿ ಹೇಳಿಹೋಗಲು ಬಂದಳು. ತಾಲೀಮಿನ ಕುರ್ಚಿಯನ್ನು ತಲೆಕೆಳಗು ಮಾಡಿ, ಗಿಡ್ಡ ಕಾಲಿಗೆ ಒಂದು ರಬ್ಬರ್ ಬಿಲ್ಲೆ ಕೂರಿಸಿದಳು. ಏಳುವಾಗ ಬೀರುವಿನಲ್ಲಿ ಹೊಸದೊಂದು ಫೈಲು ಕಂಡಿತು. ಹನ್ನೆರಡನೆಯದು: ‘ಅಜ್ಜ, ತಕ್ಕಡಿ ರಿಪೇರಿ.’

“ಚಿಕ್ಕಪ್ಪ, ಇದು ನಮ್ಮ ಅಜ್ಜ.”

“ನಿಜವಾದದ್ದು ಅಂತಲೇ ಇಟ್ಟಿದ್ದು. ಇಷ್ಟು ವರ್ಷ ಆ ಕೊರತೆ ಇತ್ತು.”

ಅವಳು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಟ್ಟಳು. ಮೇಷ್ಟ್ರು ತಡೆಯಲಿಲ್ಲ, ಅವರಿಗೆ ಆ ಐನೂರು ಪದ ಬಾಯಿಗೇ ಬರುತ್ತಿತ್ತು.

ಅವರು ಕಲಿಯದವರು ಎಂದರೆ ತಪ್ಪಾಗುತ್ತದೆ. ಹಿಂದಿನ ತಪ್ಪಿನಿಂದ ಪಾಠ ಕಲಿತು, ಈ ವರ್ಷದಿಂದ ರಿಜಿಸ್ಟರನ್ನು ಕಾಲೇಜಿನ ಪ್ರಕಾರ ಇಟ್ಟಿದ್ದಾರೆ. ಒಂದು ಕಾಲೇಜಿಗೆ ಒಬ್ಬರೇ ಅಜ್ಜ. ವಿವರಗಳು ಪಕ್ಕಾ ಇರಲಿ ಎಂದು ವಾರಕ್ಕೊಮ್ಮೆ ನೋಟ್‌ಬುಕ್ ಹಿಡಿದು ಮಾವನ ಅಂಗಡಿಗೆ ಹೋಗಿ, ಮುಳ್ಳಿಗೆ ಏನನ್ನುತ್ತಾರೆ, ತಟ್ಟೆಯನ್ನು ಯಾವ ಬಟ್ಟೆಯಲ್ಲಿ ಒರೆಸುತ್ತಾರೆ ಎಂದು ಬರೆದುಕೊಳ್ಳುತ್ತಾರೆ. ಮುದುಕರು ಕೇಳಿದ್ದಕ್ಕೆಲ್ಲ ಹೇಳುತ್ತಾರೆ. ಮೇಜಿನ ಇನ್ನೊಂದು ತುದಿ ಈಗ ಖಾಲಿ. ಯಾರಾದರೂ ಕೂತು ಕೇಳಿದರೆ ಅವರಿಗೂ ಬೇಡವೆನಿಸುವುದಿಲ್ಲ. ಮೊನ್ನೆ ಅಳಿಯ ನೋಟ್‌ಬುಕ್ ಮುಚ್ಚಿ ಏಳುವಾಗ, ತಟ್ಟೆ ಒರೆಸುವುದನ್ನು ನಿಲ್ಲಿಸದೆ ಒಂದು ಮಾತು ಕೇಳಿದರು.

“ಅಳಿಯಂದಿರೇ, ಈ ವರ್ಷ ನಾನು ಎಷ್ಟು ಕಾಲೇಜಿಗೆ ಸೇರಿದೆ?”