ಬಾಗಿಲ ಹೊರಗಿನ ಪ್ರಿನ್ಸಿಪಾಲರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇನ್ನಂಜೆ ಸಮೀಪದ ಒಂದು ಯಕ್ಷಗಾನ ಶಾಲೆಯಲ್ಲಿ ಕುಣಿತ ಕಲಿಯುತ್ತಿದ್ದೆ. ಅಲ್ಲಿನ ಪ್ರಿನ್ಸಿಪಾಲರು ಎರಡು ವಿಷಯಗಳಲ್ಲಿ ಬಹಳ ಕಟ್ಟುನಿಟ್ಟು. ಪದ್ಯ ಬಾಯಿಗೆ ಬರಬೇಕು, ಪ್ರಾರ್ಥನೆಗೆ ಮೊದಲು ನಾವು ಒಳಗಿರಬೇಕು. ತಡವಾದವರು ತರಗತಿ ಮುಗಿಯುವ ತನಕ ಹೊರಗೆ. ಬಸ್ಸು ಕೆಟ್ಟಿತು ಎಂದರೆ ಹೆಗಲ ಶಾಲನ್ನು ಕೊಡವಿ, "ಚೆಂಡೆ ಬಸ್ಸಿಗೆ ಕಾಯುವುದಿಲ್ಲ ಮಾರಾಯ" ಎನ್ನುತ್ತಿದ್ದರು.

ಶಾಲೆ ನಡೆಯುತ್ತಿದ್ದದ್ದು ಸೋರುವ ಹಳೆಯ ಗೋದಾಮಿನಲ್ಲಿ. ಹೊಸ ಕಟ್ಟಡದ ಆಸೆಯಿಂದ ಅವರು ಮಣಿಪಾಲದ ಒಬ್ಬ ಉದ್ಯಮಿಯನ್ನು ಒಂದು ಮಳೆಗಾಲದ ಬೆಳಿಗ್ಗೆ ಆಹ್ವಾನಿಸಿದ್ದರು. ಉದ್ಯಮಿ ಹೊತ್ತಿಗೆ ಸರಿಯಾಗಿ ಬಂದರು. ಪ್ರಿನ್ಸಿಪಾಲರು ಬರಲಿಲ್ಲ. ಪೆರ್ಡೂರಿನಿಂದ ಅವರು ಹತ್ತಿದ ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ನಾವು ಪ್ರಾರ್ಥನೆ ಮುಗಿಸಿ ಅಭ್ಯಾಸ ಶುರುಮಾಡಿದ ಮೇಲೆ ನೋಡಿದರೆ ಕೊಡೆ ಹಿಡಿದು ಬಾಗಿಲ ಹೊರಗೆ ನಿಂತಿದ್ದಾರೆ.

"ಒಳಗೆ ಬನ್ನಿ ಸ್ವಾಮಿ" ಎಂದು ಉದ್ಯಮಿ ಕರೆದರು.

"ಬರಲಿಕ್ಕಿಲ್ಲ. ನಿಯಮ ಉಂಟು."

"ನಿಯಮ ಮಾಡಿದ್ದು ನೀವೇ ಅಲ್ವಾ?"

"ಹೌದು. ಅದೇ ತೊಂದರೆ."

ಕಟ್ಟಡ ಕೈತಪ್ಪಿತು ಎಂದುಕೊಂಡೆವು ನಾವು. ಉದ್ಯಮಿ ಎದ್ದು ಹೊರಗೆ ಹೋಗಿ ಅದೇ ಕೊಡೆಯಡಿ ನಿಂತರು. ತರಗತಿ ಮುಗಿಯುವ ತನಕ ಇಬ್ಬರೂ ನಿಂತೇ ಮಾತಾಡಿದರು. ಒಳಗೆ ಬಂದಾಗ ಇಬ್ಬರ ಪಂಚೆಯೂ ತೊಯ್ದಿತ್ತು, ಉದ್ಯಮಿ ಕಟ್ಟಡಕ್ಕೆ ಒಪ್ಪಿಯಾಗಿತ್ತು.

"ತಡವಾದವರು ನಿಲ್ಲಲಿಕ್ಕೆ ಒಂದು ಅಗಲದ ಜಗಲಿಯನ್ನೂ ಮಾಡಿಸುವ" ಎಂದರು ಅವರು.

ಪ್ರಿನ್ಸಿಪಾಲರು ನಮ್ಮನ್ನೆಲ್ಲ ಒಮ್ಮೆ ನೋಡಿದರು. "ಜಗಲಿ ಬೇಡ. ಒದ್ದೆಯಾಗದಿದ್ದರೆ ಇವರು ಹೊತ್ತಿಗೆ ಬರುವುದುಂಟಾ?"